ಬಂದ ಮೇಲೆ ನೋಡೋಣ

ಜೂನ್ 3

ತಮ್ಮನಿಗೆ,

ನಿನ್ನ ಹೋದ ಪತ್ರದಲ್ಲಿ ಒಟ್ಟು ಏಳು ಸಾಲು. ಐದು ಗಾಳಿಯ ವಿಚಾರ, ಒಂದು ನಿನ್ನ ಹಲ್ಲುನೋವು, ಉಳಿದ ಒಂದರಲ್ಲಿ “ಪಿಟೀಲು ಹೇಗಿದ್ದಾಳೆ?” ಇಪ್ಪತ್ತಾರು ವರ್ಷದಿಂದ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿರುವವಳು ನಾನು. ಸಾಲು ಎಣಿಸುವುದು ರೂಢಿಯಾಗಿಬಿಟ್ಟಿದೆ, ಬೇಜಾರು ಮಾಡಿಕೊಳ್ಳಬೇಡ. ದ್ವೀಪದಲ್ಲಿ ಕೂತು ದಿನಕ್ಕೆ ಮೂರು ಸಲ ಗಾಳಿ ಅಳೆಯುವವನಿಗೆ ಬೇರೇನು ತೋಚೀತು? ಆ ಒಂದು ಸಾಲಿಗೆ ಇವತ್ತು ಉತ್ತರ ಬರೆಯುತ್ತೇನೆ.

ನಿನ್ನ ಮಗಳಿಗೆ ಹದಿಮೂರು ತುಂಬಿ ಎರಡು ತಿಂಗಳಾಯಿತು. ಹುಟ್ಟಿದ ದಿನ ತೆಳ್ಳಗಿನ ದನಿಯಲ್ಲಿ ಬಿಡದೆ ಅತ್ತಳೆಂದು ನೀನೇ ಅವಳನ್ನು ಪಿಟೀಲು ಎಂದು ಕರೆದೆ. ಮಾತು ಬಂದ ಮೇಲೂ ಅವಳು ಆ ಹೆಸರಿಗೆ ಮೋಸ ಮಾಡಲಿಲ್ಲ. ನಾನು ಕೆಲಸದಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಶಾಲೆಯ ಇಡೀ ದಿನವನ್ನು ಕುಯ್ದು ಮುಗಿಸಿರುತ್ತಿದ್ದಳು. ಈಗ ಒಂದು ತಿಂಗಳಿಂದ ಮನೆಯಲ್ಲಿ ಸದ್ದೇ ಇಲ್ಲ.

ಈ ಸೆಖೆಯಲ್ಲಿ ಅವಳಮ್ಮನ ಕಂದು ಬಣ್ಣದ ಸ್ವೆಟರ್ ಹಾಕಿಕೊಂಡೇ ಇರುತ್ತಾಳೆ. ಬೆನ್ನು ಬಾಗಿಸಿ ನಡೆಯುತ್ತಾಳೆ. ಆಟದ ಪೀರಿಯಡ್‌ನಲ್ಲಿ ಹೊಟ್ಟೆನೋವು ಬರುತ್ತದೆ, ಉಳಿದ ಪೀರಿಯಡ್‌ಗಳಲ್ಲಿ ಬರುವುದಿಲ್ಲ. ಮುದ್ರಣಾಲಯದಿಂದ ನಾನು ತರುವ ಹಳೆಯ ಕರಡು ಹಾಳೆಗಳು ನಿನಗೆ ಗೊತ್ತಲ್ಲ? ಒಂದು ಬದಿ ಅಚ್ಚಾಗಿರುತ್ತದೆ, ಖಾಲಿ ಬದಿಯಲ್ಲಿ ಅವಳು ಲೆಕ್ಕ ಬಿಡಿಸುತ್ತಾಳೆ. ಮೊನ್ನೆ ಅವುಗಳನ್ನೇ ಅಂಟಿಸಿ ತನ್ನ ಕೋಣೆಯ ಕನ್ನಡಿ ಮುಚ್ಚಿದ್ದಾಳೆ. ಯಾಕೇ ಎಂದರೆ “ಬೆಳಕು ಹೊಡಿಯುತ್ತೆ ಅತ್ತೆ” ಅಂದಳು.

ನೀನು ಗಾಬರಿಯಾಗಬೇಡ. ಇದು ಮೈ ಬೆಳೆಯುವ ಕಾಲದ ನಾಚಿಕೆ. ತರಗತಿಯ ಬೇರೆ ಹುಡುಗಿಯರಿಗೆಲ್ಲ ಮೊದಲೇ ಆಗಿದೆ, ಇವಳದು ತಡ. ಒಳಗೆ ಹಾಕಿಕೊಳ್ಳುವ ಹೊಸ ಬಟ್ಟೆ ಎರಡು ತಂದು ಮಂಚದ ಮೇಲಿಟ್ಟೆ. ಮಾರನೆಯ ದಿನ ಪೊಟ್ಟಣ ಬಿಚ್ಚದೆ ನನ್ನ ಕಪಾಟಿನಲ್ಲಿತ್ತು. ಧೈರ್ಯ ತುಂಬೋಣವೆಂದು “ದಿನೇ ದಿನೇ ಥೇಟ್ ನಿಮ್ಮಮ್ಮನೇ ಆಗ್ತಿದೀಯ ಕಣೇ” ಅಂದೆ. ಖುಷಿಯಾಗುತ್ತದೆ ಅಂದುಕೊಂಡಿದ್ದೆ. ಎದ್ದು ಹೋಗಿ ಬಾಗಿಲು ಹಾಕಿಕೊಂಡಳು.

ಮಕ್ಕಳನ್ನು ಹೆತ್ತವಳಲ್ಲ ನಾನು. ನಾಲ್ಕು ವರ್ಷದ ಹಿಂದೆ ಅವಳಮ್ಮ ಹೋದಾಗ ಒಂಬತ್ತರ ಹುಡುಗಿಯನ್ನು ನನ್ನ ಮಡಿಲಿಗೆ ಹಾಕಿ, ಕಾಯಂ ಆಗಿ ದ್ವೀಪಕ್ಕೇ ವರ್ಗ ಮಾಡಿಸಿಕೊಂಡು ಹೋದೆ. ಅದನ್ನು ಆಡಿಕೊಳ್ಳುತ್ತಿಲ್ಲ. ಅವಳಿಗೆ ಎರಡು ಮಾತು ಬರೆ ಎನ್ನುತ್ತಿದ್ದೇನೆ, ಗಾಳಿಯದಲ್ಲದ ಎರಡು ಮಾತು.

ನಿನ್ನ ಅಕ್ಕ

ಜೂನ್ 18

ಅಕ್ಕ,

ಇವತ್ತು ಬೋಟು ಬಂತು, ನಿನ್ನ ಬೈಗುಳವೂ ಬಂತು. ಎರಡೂ ಹದಿನೈದು ದಿನಕ್ಕೊಮ್ಮೆ ಬಂದರೇ ನನಗೆ ಹಿತ.

ಪಿಟೀಲಿಗೆ ಅಮ್ಮನ ನೆನಪು ಕಾಡುತ್ತಿರಬೇಕು, ಅಷ್ಟೇ. ಸ್ವೆಟರ್ ಹಾಕಿಕೊಳ್ಳಲಿ ಬಿಡು, ಕಿತ್ತುಕೊಳ್ಳಬೇಡ. ಈ ವಯಸ್ಸಿನಲ್ಲಿ ಹೆಣ್ಣುಮಕ್ಕಳ ವಿಷಯ ನೀವು ನೀವೇ ಮಾತಾಡಿಕೊಳ್ಳುವುದು ಒಳ್ಳೆಯದು, ಅಪ್ಪನಾದವನು ಅದರಲ್ಲಿ ಏನು ಬರೆಯಲಿ?

ಒಂದು ವಿಚಾರ ಮಾತ್ರ ನೆನಪಿಸುತ್ತೇನೆ. ಅವಳಮ್ಮನ ಕಾಯಿಲೆ ಏನೆಂದು ಬಾಯಿ ಬಿಡಬೇಡ. ಮೈಯಲ್ಲಿ ರಕ್ತ ಕಡಿಮೆಯಾಗಿತ್ತು ಎಂದು ಹೇಳಿದ್ದೇವೆ, ಅಷ್ಟರಲ್ಲೇ ಇರಲಿ. ನೀನು ಆಸ್ಪತ್ರೆಯ ಮೆಟ್ಟಿಲ ಮೇಲೆ ನನಗೆ ಮಾತು ಕೊಟ್ಟಿದ್ದೀಯ. ದೊಡ್ಡವಳಾದ ಮೇಲೆ ನಾನೇ ಹೇಳುತ್ತೇನೆ. ಸೆಪ್ಟೆಂಬರ್ ಕೊನೆಗೆ ರಜೆ ಇದೆ, ಬರುತ್ತೇನೆ.

ಇಲ್ಲಿ ನಾವು ಮೂವರೇ. ನಾನು, ರೇಡಿಯೊದವರು, ಅಡುಗೆಯವರು. ಒಂದು ವಾರದಿಂದ ಉಪಕರಣದ ಕೋಣೆಯಲ್ಲಿ ಹೆಂಗಸು ಕೆಮ್ಮಿದ ಸದ್ದು ಕೇಳಿಸುತ್ತದೆ. ತಗಡು ಸಡಿಲವಾಗಿದೆ ಎಂದು ರೇಡಿಯೊದವರು ಮೊಳೆ ಹೊಡೆದರು. ಮೊಳೆ ಹೊಡೆದ ಮೇಲೂ ಕೇಳಿಸುತ್ತದೆ. ಹಲ್ಲುನೋವು ವಾಸಿ.

ತಮ್ಮ

ಜುಲೈ 3

ತಮ್ಮನಿಗೆ,

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯುವುದನ್ನು ನಿನ್ನಿಂದ ಕಲಿಯಬೇಕು. “ನೀವು ನೀವೇ ಮಾತಾಡಿಕೊಳ್ಳಿ” ಅಂದೆಯಲ್ಲ, ಮಾತಾಡಲು ಅವಳು ಕೂತರೆ ತಾನೆ?

ಮೊದಲು ಸಮಾಧಾನದ ಸುದ್ದಿ. ಹುಡುಗಿ ಬಹಳ ಅಚ್ಚುಕಟ್ಟಾಗಿದ್ದಾಳೆ. ತನ್ನ ಖಾನೆಗಳನ್ನೆಲ್ಲ ಜೋಡಿಸಿ, ಒಂದೊಂದಕ್ಕೂ ಒಳಗೇನಿದೆ ಎಂದು ಚೀಟಿ ಬರೆದು ಅಂಟಿಸಿದ್ದಾಳೆ. ಯಾರಿಗೂ ಮುಟ್ಟಲು ಬಿಡದಿದ್ದ ಬಣ್ಣದ ಪೆಟ್ಟಿಗೆಯನ್ನು ಗೆಳತಿಗೆ ಕೊಟ್ಟುಬಿಟ್ಟಳು. ಕೂಡಿಟ್ಟ ಅಂಚೆಚೀಟಿಗಳನ್ನು ಕೆಳಮನೆಯ ಮಗುವಿಗೆ. ನನಗೆ ಗ್ಯಾಸ್ ಒಲೆಯ ಗುಂಡಿ ಸಿಕ್ಕಿಕೊಂಡರೆ ಹೇಗೆ ಬಿಡಿಸುವುದು ಎಂದು ಎರಡು ಸಲ ತೋರಿಸಿ, “ಇನ್ನು ನೀವೇ ಮಾಡ್ಕೊಬೇಕು” ಅಂದಳು. ದೊಡ್ಡವಳಾಗುತ್ತಿದ್ದಾಳೆ ಎಂದು ನನಗೆ ಒಳಗೊಳಗೇ ಹೆಮ್ಮೆ.

ಆದರೂ ಏನೋ ಸರಿಯಿಲ್ಲ. ಊಟ ಅರ್ಧವಾಗಿದೆ. ಯಾವಾಗಲೂ ಒಂದು ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದುಕೊಂಡಿರುತ್ತಾಳೆ. ಮೊನ್ನೆ ಕೇಳಿದಳು, “ಅತ್ತೆ, ನಾನಿಲ್ದಿದ್ರೆ ಅಪ್ಪ ಆ ದ್ವೀಪದಲ್ಲೇ ಇದ್ದುಬಿಡ್ತಾರಾ? ಯಾರೂ ಬರದೇ ಇದ್ರೆ ಬೋಟು ನಿಲ್ಲಿಸಿಬಿಡ್ತಾರಾ?” ನಿನ್ನ ಚಿಂತೆ ಅವಳಿಗೆ. “ನೀನ್ಯಾಕೆ ಇರಲ್ಲ, ಎಲ್ಲಿಗೆ ಹೊರಟಿದೀಯ ಮಹಾರಾಣಿ?” ಎಂದು ನಗಿಸಲು ನೋಡಿದೆ. ನಕ್ಕಳು. ನನ್ನನ್ನು ಸಮಾಧಾನಪಡಿಸಲು ನಕ್ಕ ಹಾಗಿತ್ತು.

ಇನ್ನೊಂದು ಬರೆಯಲೋ ಬೇಡವೋ ಎಂದು ಯೋಚಿಸಿ ಬರೆಯುತ್ತಿದ್ದೇನೆ. ಶನಿವಾರ ಮಧ್ಯಾಹ್ನ ಬೇಗ ಬಂದೆ. ಅವಳು ಹಿಂದಿನ ಬಾಗಿಲ ಹತ್ತಿರ ನಲ್ಲಿಯ ಮುಂದೆ ನಿಂತಿದ್ದಳು. ಕಂದು ಸ್ವೆಟರ್, ಬಾಗಿದ ಹೆಗಲು, ಒತ್ತಿದ ಮೊಣಕೈ. ಕೊನೆಯ ವರ್ಷ ನಿನ್ನ ಹೆಂಡತಿ ನಿಲ್ಲುತ್ತಿದ್ದದ್ದು ಹಾಗೇ. ಬಕೆಟ್ ತುಂಬಿ ಹರಿಯುತ್ತಿತ್ತು, ಅವಳಿಗೆ ಗಮನವಿಲ್ಲ. ನನ್ನ ಬಾಯಿಂದ ಅವಳಮ್ಮನ ಹೆಸರು ಬಂದುಬಿಟ್ಟಿತು, ಜೋರಾಗಿಯೇ ಕರೆದೆ.

ಅವಳು “ಹ್ಞಾಂ” ಎಂದು ತಿರುಗಿದಳು. ತನ್ನ ಹೆಸರಲ್ಲ ಎನ್ನುವುದು ಅವಳಿಗೆ ಹೊಳೆಯಲೇ ಇಲ್ಲ. 

ಅಕ್ಕ

ಜುಲೈ 18

ಅಕ್ಕ,

ಯಾವ ಮೊಣಕೈ? ಎಡವೋ ಬಲವೋ? ಅದನ್ನು ಬರೆದಿಲ್ಲ ನೀನು. ತಪ್ಪದೆ ಬರೆ.

ತಮ್ಮ

ಜುಲೈ 22

ತಮ್ಮನಿಗೆ,

ಎಡ. ಅವಳಮ್ಮನದೂ ಎಡವೇ.

ನಿನ್ನ ಎರಡು ಸಾಲಿನ ಚೀಟಿ ಓದಿ, ಇದೇನು ಇವನಿಗೆ ಎಂದುಕೊಂಡು ಅವಳ ಕೋಣೆಗೆ ಹೋದೆ. ಅವಳು ಶಾಲೆಯಲ್ಲಿದ್ದಳು. ಕದ್ದು ನೋಡುವ ಚಾಳಿ ನನ್ನದಲ್ಲ, ಆದರೂ ಮೇಜಿನ ಮೇಲಿನ ಲೆಕ್ಕದ ಹಾಳೆಗಳ ಕಟ್ಟು ಬಿಚ್ಚಿದೆ. ಒಂದು ಬದಿಯಲ್ಲಿ ಅವಳ ಬೀಜಗಣಿತ, ಇನ್ನೊಂದು ಬದಿಯಲ್ಲಿ ನನ್ನ ಕರಡು. ಒಂದು ಹಾಳೆಯಲ್ಲಿ ಲೆಕ್ಕ ಅರ್ಧಕ್ಕೇ ನಿಂತಿತ್ತು. ತಿರುಗಿಸಿದೆ.

ಏಪ್ರಿಲ್‌ನಲ್ಲಿ ಒಂದು ಆಸ್ಪತ್ರೆಯವರಿಗಾಗಿ ಹೆಂಗಸರ ಆರೋಗ್ಯದ ಕರಪತ್ರ ಅಚ್ಚು ಮಾಡಿದ್ದೆವು. ಅದರ ಮೊದಲ ಕರಡು. ಅಂಚಿನಲ್ಲಿ ನನ್ನದೇ ಕೆಂಪು ಶಾಯಿಯ ಗುರುತುಗಳು. ನಡುವೆ ಎರಡು ಸಾಲಿನ ಕೆಳಗೆ ಪೆನ್ಸಿಲಿನಲ್ಲಿ, ಸ್ಕೇಲ್ ಇಟ್ಟು ಗೆರೆ ಎಳೆದಿದ್ದಾಳೆ. “ಎದೆಯಲ್ಲಿ ಗಂಟು ಕೈಗೆ ತಗುಲಿದರೆ ಅಲಕ್ಷಿಸಬೇಡಿ. ತಾಯಿಗೆ ಈ ರೋಗ ಬಂದಿದ್ದರೆ ಮಗಳು ಹೆಚ್ಚು ಎಚ್ಚರದಿಂದಿರಬೇಕು.” ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಒಂದು ತಾರೀಖು, ಮೇ 9. ಅಷ್ಟೇ.

ನಾಚಿಕೆಯಲ್ಲ ಕಣೋ ಅದು. ಅವಳಿಗೆ ಕೈಗೇನೋ ತಗುಲಿದೆ. ತಾನು ಸಾಯುತ್ತೇನೆ ಎಂದುಕೊಂಡು ಎರಡೂವರೆ ತಿಂಗಳಿಂದ ಮನೆ ಜೋಡಿಸುತ್ತಿದ್ದಾಳೆ. ನಾನು ಅದನ್ನು ನೋಡಿ ಹೆಮ್ಮೆ ಪಟ್ಟೆ. ದಿನವೂ ಮುಖಕ್ಕೆ ಮುಖ ಕೊಟ್ಟು ಥೇಟ್ ನಿಮ್ಮಮ್ಮನೇ ಎಂದೆ.

ಆ ಕರಪತ್ರವನ್ನು ನಾನು ಮೂರು ಸಲ ಓದಿದ್ದೇನೆ. ಒತ್ತಕ್ಷರ ಬಿಟ್ಟದ್ದು, ಚುಕ್ಕಿ ತಪ್ಪಿದ್ದು, ಎಲ್ಲ ಸಿಕ್ಕಿತು. ಅದು ಏನು ಹೇಳುತ್ತಿದೆ ಎಂದು ಮಾತ್ರ ಓದಿರಲಿಲ್ಲ. ಓದಿದ್ದರೆ ಈ ಮನೆಗೆ ತರುತ್ತಿದ್ದೆನೇ? ದೀಪದ ಬುಡದಲ್ಲೇ ಕತ್ತಲು ಅನ್ನುತ್ತಾರಲ್ಲ, ಅದಕ್ಕೆ ನನ್ನನ್ನೇ ತೋರಿಸಬಹುದು.

ಸಂಜೆ ಮೆಲ್ಲಗೆ, “ಸುಮ್ನೆ ಒಂದ್ಸಲ ಡಾಕ್ಟರ್ ಹತ್ರ ಹೋಗಿ ಬರೋಣ್ವಾ, ಊಟ ಸೇರ್ತಿಲ್ಲ ನಿಂಗೆ” ಅಂದೆ. ಬೆಳ್ಳಗಾದಳು. “ಅಪ್ಪ ಬಂದ್ಮೇಲೆ” ಅಂದಳು. ಆ ಹೊತ್ತಿನಲ್ಲಿ ರೋಗದ ಹೆಸರು ಹೇಳಿ ಕೂರಿಸಿ ಮಾತಾಡಬಹುದಿತ್ತು. ನಿನಗೆ ಕೊಟ್ಟ ಮಾತು ಅಡ್ಡ ಬಂತು. ಸುಳ್ಳು ಯಾಕೆ, ನನ್ನ ಹೆದರಿಕೆಯೂ ಅಡ್ಡ ಬಂತು. ನಿಜವಾಗಿಯೂ ಅದೇ ಆಗಿದ್ದರೆ? ಆ ಪದವನ್ನು ಈ ಮನೆಯಲ್ಲಿ ಇನ್ನೊಂದು ಸಲ ಕೇಳುವ ಶಕ್ತಿ ನನಗಿಲ್ಲ.

ನನಗೆ ಹೇಳಲು ಬಿಡು. ಆಗಸ್ಟ್ ಎರಡರ ಬೋಟಿಗೆ ಉತ್ತರ ಕಳಿಸು. ಒಂದು ಬೋಟು ಕಾಯುತ್ತೇನೆ, ಅದಕ್ಕಿಂತ ಹೆಚ್ಚಿಲ್ಲ.

ಅಕ್ಕ

ಆಗಸ್ಟ್ 2

ಅಕ್ಕ,

ಬೋಟಿನವರು ಅಲೆ ಏಳುತ್ತಿದೆ ಎಂದು ಅವಸರ ಮಾಡುತ್ತಿದ್ದಾರೆ, ನಿಂತೇ ಬರೆಯುತ್ತಿದ್ದೇನೆ. ದಯವಿಟ್ಟು ಈಗಲೇ ಏನೂ ಹೇಳಬೇಡ. ಹುಡುಗಿ ಸುಮ್ಮನೆ ಹೆದರಿಕೊಂಡಿರುತ್ತಾಳೆ, ಏನೂ ಇರಲಾರದು. ನೀನು ಹೆಸರು ಹೇಳಿದರೆ ಇನ್ನೂ ಹೆದರುತ್ತಾಳೆ. ಅವಳೂ ಅಪ್ಪ ಬರಲಿ ಎಂದಿದ್ದಾಳಲ್ಲ. ಸೆಪ್ಟೆಂಬರ್ ಕೊನೆ ಏನು ದೂರ? ನಾನು ಬಂದ ಮೇಲೆ ನೋಡೋಣ.

ತಮ್ಮ

ಆಗಸ್ಟ್ 3

ಅಕ್ಕ,

ನಿನ್ನೆ ಬೋಟು ತಿರುವು ದಾಟುವವರೆಗೆ ಕಟ್ಟೆಯ ಮೇಲೆ ನಿಂತಿದ್ದೆ. ಆಮೇಲೆ ನಾನು ಬರೆದದ್ದು ನನಗೇ ಕೇಳಿಸಿತು. ಕೂಗಿದೆ. ಇಂಜಿನ್ನಿನ ಸದ್ದಿನಲ್ಲಿ ಅವರಿಗೆಲ್ಲಿ ಕೇಳಬೇಕು? ಮುಂದಿನ ಬೋಟು ಹದಿನೆಂಟಕ್ಕೆ. ಈ ಪತ್ರ ಅಲ್ಲಿಯವರೆಗೆ ನನ್ನ ಮೇಜಿನಲ್ಲೇ ಇರುತ್ತದೆ. ಇರಲಿ, ಇವತ್ತು ಬರೆಯದಿದ್ದರೆ ಇನ್ನು ಯಾವತ್ತೂ ಬರೆಯಲಾರೆ.

ಹತ್ತಿರ ಹತ್ತಿರ ಆರು ವರ್ಷದ ಹಿಂದೆ, ಮೂರು ತಿಂಗಳ ಪಾಳಿಗೆಂದು ನಾನು ಇಲ್ಲಿಗೆ ಹೊರಟ ದಿನ, ಪಿಟೀಲಿನ ಅಮ್ಮ ನನ್ನನ್ನು ಬೋಟು ಹತ್ತಿಸಲು ಬಂದಿದ್ದಳು. ಆ ಕಂದು ಸ್ವೆಟರ್ ಆಗ ಹೊಸದು. ನನ್ನ ಪೆಟ್ಟಿಗೆ ಮೇಲೇರಿಸಿದ ಮೇಲೆ ಹತ್ತಿರ ಬಂದು, ಬೇರೆಯವರಿಗೆ ಕೇಳದ ಹಾಗೆ, “ರೀ, ಎಡಗಡೆ ಒಂದು ಗಂಟಿನ ಥರ ಸಿಕ್ತಿದೆ. ಹದಿನೈದು ದಿನ ಆಯ್ತು. ತೋರಿಸ್ಲಾ?” ಅಂದಳು. ಬೋಟಿನವರು ಹಗ್ಗ ಬಿಚ್ಚುತ್ತಿದ್ದರು. ನಾನು ಅಂದೆ, “ಏನೂ ಇರಲ್ಲ, ನಾನು ಬಂದ ಮೇಲೆ ನೋಡೋಣ.” “ಸರಿ” ಅಂದಳು.

ಆ ಸಲ ಬದಲಿ ಬರದೆ ಮೂರು ತಿಂಗಳು ಏಳಾಯಿತು. ನಾನು ಹೋಗುವವರೆಗೆ ಅವಳು ಯಾರಿಗೂ ತೋರಿಸಲಿಲ್ಲ. ನೋಡೋಣ ಎಂದವನು ನಾನಲ್ಲವೆ, ಕಾದಳು.

ಅವಳು ಹೋದ ದಿನ ನೀನು ಅಳುತ್ತಾ, “ಪಾಪಿ, ಯಾರಿಗೂ ಒಂದು ಮಾತು ಹೇಳದೆ ಬಚ್ಚಿಟ್ಟುಕೊಂಡು ತನ್ನ ಕೈಯಾರೆ ಹೋದಳಲ್ಲ” ಎಂದು ಬೈದೆ. ನಾನು ಪಕ್ಕದಲ್ಲೇ ಕೂತಿದ್ದೆ. ಬಾಯಿ ಬಿಡಲಿಲ್ಲ. ಎಲ್ಲರೂ ಅದನ್ನೇ ನಂಬಿದರು, ನಾನು ನಂಬಲು ಬಿಟ್ಟೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ನಾಲ್ಕು ವರ್ಷ ಇಲ್ಲಿ ಕೂತಿದ್ದೇನೆ. ಮಗಳಿಗೆ ರೋಗದ ಹೆಸರು ಹೇಳಬೇಡ ಎಂದದ್ದು ಅವಳು ಎಳೆಯವಳೆಂದಲ್ಲ. ಹೆಸರು ಗೊತ್ತಾದರೆ ಯಾವಾಗ ಶುರುವಾಯಿತು ಎಂದು ಕೇಳುತ್ತಾಳೆ. ಆಮೇಲೆ ಯಾರಿಗೆ ಹೇಳಿದ್ದಳು ಎಂದು ಕೇಳುತ್ತಾಳೆ.

ಇವತ್ತು ಬೆಳಗಿನ ವರದಿ ಕಳಿಸುವಾಗ ರೇಡಿಯೊದವರಿಗೆ, ಕೊನೆಯಲ್ಲಿ ನನ್ನ ಎರಡು ಮಾತು ಸೇರಿಸಿ ಎಂದೆ. ಅವರು ನಿಯಮದ ಮನುಷ್ಯ. ಮೂವತ್ತು ವರ್ಷದಲ್ಲಿ ಒಂದು ಖಾಸಗಿ ಅಕ್ಷರ ಕಳಿಸಿಲ್ಲ, ಬರುವ ವರ್ಷ ನಿವೃತ್ತಿ. “ಯಾರು ಸಾಯ್ತಿದಾರೆ?” ಎಂದು ಕೇಳಿದರು. “ನನ್ನ ಮಗಳು ತಾನು ಸಾಯ್ತೀನಿ ಅಂದ್ಕೊಂಡಿದಾಳೆ” ಅಂದೆ. ಚೀಟಿ ಇಸಿದುಕೊಂಡು ಕಳಿಸಿದರು. ನಿನಗೆ ತಲುಪಿತೋ ಇಲ್ಲವೋ ತಿಳಿಯುವ ದಾರಿ ನನಗಿಲ್ಲ.

ತಮ್ಮ

ಆಗಸ್ಟ್ 6

ತಮ್ಮನಿಗೆ,

ಮೊದಲ ಮಾತು ಮೊದಲಿಗೆ. ನಿನ್ನ ಮಗಳಿಗೆ ಏನೂ ಆಗಿಲ್ಲ. ಇನ್ನೊಂದು ಸಲ ಓದಿಕೋ. ಏನೂ ಆಗಿಲ್ಲ.

ಮೂರನೆಯ ತಾರೀಖು ಮಧ್ಯಾಹ್ನ ಹವಾಮಾನ ಕಚೇರಿಯ ಗುಮಾಸ್ತೆ ಮುದ್ರಣಾಲಯ ಹುಡುಕಿಕೊಂಡು ಬಂದು ಒಂದು ಚೀಟಿ ಕೊಟ್ಟಳು. “ಗಾಳಿ ನೈಋತ್ಯ. ಅಲೆ ಸಾಧಾರಣ. ಮುದ್ರಣಾಲಯದ ಅಕ್ಕನಿಗೆ: ಕಾಯಬೇಡ. ಎಲ್ಲಾ ಹೇಳು. ಇವತ್ತೇ ಡಾಕ್ಟರಿಗೆ ತೋರಿಸು.” ಗಾಳಿಯ ಜೊತೆಗೆ ಮಗಳನ್ನೂ ನೆನೆಸಿಕೊಂಡೆಯಲ್ಲ, ಸದ್ಯ. ಏನೂ ಹೇಳಬೇಡ ಎನ್ನುವ ನಿನ್ನ ಪತ್ರ ನಿನ್ನೆ ಬಂತು. ಅದನ್ನು ಒಲೆಗೆ ಹಾಕಿದೆ. ಹನ್ನೆರಡು ದಿನ ಕಾದ ನನ್ನನ್ನೂ ಅದರ ಜೊತೆಗೇ ಹಾಕಬೇಕಿತ್ತು.

ಕೈಗೆ ಹತ್ತಿದ ಶಾಯಿಯನ್ನೂ ತೊಳೆಯದೆ ಶಾಲೆಗೆ ಹೋಗಿ ಅವಳನ್ನು ಕರೆಸಿದೆ. ಸೈಕಲ್ ನಿಲ್ಲಿಸುವ ಕಡೆ ಗೋಡೆಯ ಮೇಲೆ ಕೂತೆವು. “ನಿಮ್ಮಮ್ಮನಿಗೆ ಇದ್ದದ್ದು ರಕ್ತ ಕಡಿಮೆಯಲ್ಲ” ಎಂದು ಶುರು ಮಾಡಿದೆ.

“ಗೊತ್ತು ಅತ್ತೆ. ಆಸ್ಪತ್ರೆಲಿ ಪರದೆ ಆಚೆ ಮಾತಾಡ್ತಿದ್ರಲ್ಲ. ಒಂಬತ್ತು ವರ್ಷ ಆಗಿತ್ತು ನಂಗೆ, ಕಿವುಡಿ ಆಗಿರ್ಲಿಲ್ಲ” ಅಂದಳು. ಆಮೇಲೆ ಚಪ್ಪಲಿಯ ತುದಿ ನೋಡುತ್ತಾ ಕೇಳಿದಳು, “ಅಮ್ಮ ಗೊತ್ತಾದ್ಮೇಲೆ ಹದಿನಾಲ್ಕು ತಿಂಗಳು ಇದ್ಲು. ನಂದು ಹತ್ತನೇ ಕ್ಲಾಸ್ ಮುಗಿಯುತ್ತಾ?”

ನಾನು ಅಲ್ಲೇ, ಮಕ್ಕಳೆಲ್ಲ ನೋಡುತ್ತಿದ್ದ ಹಾಗೇ ಅತ್ತುಬಿಟ್ಟೆ. ಅವಳು ತನ್ನ ಕರವಸ್ತ್ರ ಕೊಟ್ಟಳು.

ಡಾಕ್ಟರ್ ಒಬ್ಬ ವಯಸ್ಸಾದ ಹೆಂಗಸು. ನನ್ನನ್ನು ಪರದೆಯ ಆಚೆ ಕೂರಿಸಿ, ಪ್ರತಿಯೊಂದಕ್ಕೂ ಹುಡುಗಿಯನ್ನೇ “ನೋಡಲಾ? ಸರಿನಾ?” ಎಂದು ಕೇಳಿ ಕೇಳಿ ನೋಡಿದರು. ಎರಡು ನಿಮಿಷವೂ ಆಗಲಿಲ್ಲ. “ಇದು ರೋಗದ ಗಂಟಲ್ಲಮ್ಮ. ಎದೆ ಬೆಳೆಯೋಕೆ ಶುರು ಆಗಿದೆ, ಎಲ್ಲರಿಗೂ ಹೀಗೇ ಶುರು ಆಗೋದು. ಮುಟ್ಟಿದ್ರೆ ನೋವು, ಒಳಗೆ ಗಟ್ಟಿ.” ಇವಳು ನಂಬಲಿಲ್ಲ. “ಹಾಗಾದ್ರೆ ಒಂದೇ ಕಡೆ ಯಾಕೆ?” ಡಾಕ್ಟರ್ ನಕ್ಕರು. “ಎರಡೂ ಜೊತೆಗೆ ಹೊರಡ್ಬೇಕು ಅಂತ ಎಲ್ಲಿ ಬರೆದಿದೆ? ನಿನ್ನ ಹಲ್ಲೆಲ್ಲ ಒಂದೇ ದಿನ ಬಂದ್ವಾ? ಇನ್ನೊಂದು ಕೆಲವು ತಿಂಗಳಲ್ಲಿ ಬರುತ್ತೆ.” ಅಮ್ಮನ ವಿಚಾರವನ್ನೂ ಮುಚ್ಚಿಡದೆ ಹೇಳಿದರು. ದೊಡ್ಡವಳಾದ ಮೇಲೆ ಆಗಾಗ ತೋರಿಸಿಕೊಳ್ಳುತ್ತಿರಬೇಕು, ಈಗ ಇವಳಿಗೆ ಅದರ ಯೋಚನೆ ಬೇಡ ಎಂದರು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತವಳು ನಗಲು ಶುರು ಮಾಡಿ ಬಿಕ್ಕಳಿಕೆ ಹತ್ತಿಸಿಕೊಂಡಳು. ಆಮೇಲೆ ಗಂಭೀರವಾಗಿ, “ರೋಗ ಅಲ್ಲ, ಸರಿ. ಆದ್ರೂ ನಂಗಿದು ಬೇಡ ಅತ್ತೆ. ಕನ್ನಡೀಲಿ ಬೇರೆ ಯಾರೋ ಬರ್ತಿದಾರೆ ಅನ್ಸುತ್ತೆ” ಅಂದಳು. ನನಗೂ ಬೇಡವಾಗಿತ್ತು ಎಂದು ಹೇಳಿದೆ. ಒಂದು ಇಡೀ ವರ್ಷ ಎದೆಗೆ ಭೂಪಟದ ಪುಸ್ತಕ ಅವುಚಿಕೊಂಡು ತಿರುಗಿದ್ದು, ಭೂಗೋಳದ ಮೇಷ್ಟ್ರು ನನಗೆ ಆ ವಿಷಯದಲ್ಲಿ ಬಹಳ ಆಸಕ್ತಿ ಎಂದು ಬಹುಮಾನ ಕೊಟ್ಟದ್ದು, ಎಲ್ಲಾ ಹೇಳಿದೆ. ಬೇಡ ಅನ್ನಿಸಿದರೆ ಬೇಡ ಅನ್ನಿಸಲಿ, ಸಡಿಲ ಬಟ್ಟೆ ಬೇಕಿದ್ದರೆ ಸಡಿಲವೇ ಹೊಲಿಸೋಣ, ಥೇಟ್ ಯಾರ ಹಾಗೂ ಅಲ್ಲ ನೀನು, ಇನ್ನು ನನ್ನ ಬಾಯಲ್ಲಿ ಆ ಮಾತು ಬರುವುದಿಲ್ಲ ಎಂದೆ. ಮನೆಗೆ ಬಂದು ಎರಡು ಸಲ ಬಡಿಸಿಕೊಂಡು ಉಂಡಳು.

ಒಂದು ವಿಚಾರ ಮಾತ್ರ ಮನಸ್ಸಿಗೆ ಕಸಿವಿಸಿ ಮಾಡುತ್ತಿದೆ. ಬಸ್ಸಿನಲ್ಲಿ ಕೇಳಿದಳು, “ಅಮ್ಮ ಮೊದಲು ಯಾರಿಗೆ ಹೇಳಿದ್ಲು? ಅಪ್ಪಂಗಾ?” ಮುಚ್ಚಿಡುವುದು ಸಾಕು ಎಂದುಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಯಾರಿಗೂ ಹೇಳಲಿಲ್ಲ, ಏಳು ತಿಂಗಳು ಬಚ್ಚಿಟ್ಟುಕೊಂಡಳು, ಅದೇ ಅವಳು ಮಾಡಿದ ತಪ್ಪು, ನೀನು ಹಾಗೆ ಮಾಡಬೇಡ ಎಂದೆ.

“ನಾನಿದೀನಿ ಅಂತ ನೆನಪಾಗ್ಲಿಲ್ವಾ ಅವಳಿಗೆ? ಹೇಳಿದ್ರೆ ಇರ್ತಿದ್ಲು ತಾನೆ?” ಅಂದಳು. ಆ ದಿನವೇ ಸ್ವೆಟರ್ ಬಿಚ್ಚಿ, ಹಳೆ ಬಟ್ಟೆಯವರು ಬಂದರೆ ಕೊಟ್ಟುಬಿಡಿ ಎಂದು ಬಾಗಿಲ ಪಕ್ಕ ಇಟ್ಟಿದ್ದಾಳೆ. ಅವಳಮ್ಮನ ಫೋಟೊ ಗೋಡೆಗೆ ಮುಖ ಮಾಡಿದೆ. ನಾನು ತಿರುಗಿಸಿದರೆ ಮತ್ತೆ ಹಾಗೇ ಇಡುತ್ತಾಳೆ. ಇರಲಿ, ಹೆದರಿಕೆಗಿಂತ ಸಿಟ್ಟು ವಾಸಿ. ಸತ್ತವಳಿಗೆ ಇನ್ನೇನು ನೋವಾಗುತ್ತದೆ?

ಅಕ್ಕ

ಆಗಸ್ಟ್ 18

ಮಗಳೇ,

ಇವತ್ತಿನ ಬೋಟಿನಲ್ಲಿ ಅತ್ತೆಯ ಪತ್ರ ಬಂತು. ನಿನಗೆ ಏನೂ ಆಗಿಲ್ಲ ಎಂಬಲ್ಲಿ ನಿಂತು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಉಳಿದದ್ದನ್ನು ಓದಿದ ಮೇಲೆ, ಅತ್ತೆಗೆ ಬರೆದಿಟ್ಟಿದ್ದ ನನ್ನ ಒಂದು ಪತ್ರವನ್ನು ಹರಿಯಲು ಕೈಗೆ ತೆಗೆದುಕೊಂಡೆ. ನೀನು ಉಣ್ಣುತ್ತಿದ್ದೀಯ, ನಗುತ್ತಿದ್ದೀಯ, ಎಲ್ಲ ಸರಿಹೋಯಿತಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ಹರಿಯಲಿಲ್ಲ. ಅದೂ ಇದೇ ಬೋಟಿನಲ್ಲಿ ಬರುತ್ತಿದೆ.

ಅತ್ತೆ ಬಸ್ಸಿನಲ್ಲಿ ಹೇಳಿದ್ದು ನಿಜವಲ್ಲ. ಅವಳು ಸುಳ್ಳು ಹೇಳಲಿಲ್ಲ, ಅವಳಿಗೆ ಗೊತ್ತಿದ್ದದ್ದೇ ಅಷ್ಟು. ನಿಮ್ಮಮ್ಮ ಹೇಳಿದ್ದಳು. ಮೊದಲು ನನಗೇ ಹೇಳಿದ್ದಳು, ನಾನು ಬೋಟು ಹತ್ತುವ ಬೆಳಿಗ್ಗೆ. ತೋರಿಸಲಾ ಎಂದು ಕೇಳಿದಳು. ನಾನು, ಬಂದ ಮೇಲೆ ನೋಡೋಣ ಎಂದೆ. ಅತ್ತೆಗೆ ಬರೆದ ಪತ್ರದಲ್ಲಿ ಇಷ್ಟೇ ಇದೆ. ಇನ್ನೊಂದನ್ನು ಅವಳಿಗೂ ಬರೆಯುವ ಧೈರ್ಯ ನನಗಾಗಲಿಲ್ಲ. ನಿನಗೆ ಹೇಳದೆ ಇರಲಾರೆ.

ಎರಡು ತಿಂಗಳಾದ ಮೇಲೆ ಅವಳು ನನಗೆ ಇಲ್ಲಿಗೆ ಪತ್ರ ಬರೆದಳು. ಗಂಟು ದೊಡ್ಡದಾಗಿದೆ, ಒಬ್ಬಳೇ ಹೋಗಿ ತೋರಿಸಲು ಭಯವಾಗುತ್ತದೆ, ಅಕ್ಕನನ್ನು ಕರೆದುಕೊಂಡು ಹೋಗಲಾ, ಹೇಗಾದರೂ ಮಾಡಿ ಬನ್ನಿ ಎಂದು. ಬದಲಿ ಇಲ್ಲದೆ ಬರಲು ನನಗೆ ಆಗುತ್ತಿರಲಿಲ್ಲ. ಆದರೆ ಹೋಗು ಎನ್ನಬಹುದಿತ್ತು. ಒಂದು ಪದ ಸಾಕಿತ್ತು. ನನಗೂ ಭಯವಾಯಿತು, ಭಯವಾದಾಗ ನಾನು ಗಾಳಿಯ ಬಗ್ಗೆ ಬರೆಯುತ್ತೇನೆ. ಗಾಳಿಯ ಬಗ್ಗೆ ಬರೆದು, ಕೊನೆಯಲ್ಲಿ, ಅಕ್ಕನಿಗೆ ಈಗಲೇ ಹೇಳಿ ಗಾಬರಿ ಮಾಡಬೇಡ ಎಂದು ಬರೆದೆ.

ಅವಳ ಆ ಪತ್ರ ಇದರ ಜೊತೆಯಲ್ಲಿದೆ. ಐದೂವರೆ ವರ್ಷದಿಂದ ನನ್ನ ಪೆಟ್ಟಿಗೆಯ ತಳದಲ್ಲಿತ್ತು. ಅದು ಇನ್ನು ನಿನ್ನದು. ಅದರಲ್ಲಿ ನಿನ್ನ ಹೆಸರು ಆರು ಸಲ ಬರುತ್ತದೆ. ನೀನು ಇದ್ದೀಯ ಎನ್ನುವುದು ಅವಳಿಗೆ ನೆನಪಾಗಲಿಲ್ಲವೇ ಎಂದು ಕೇಳಿದೆಯಂತೆ, ಅದಕ್ಕೆ ಇದನ್ನು ಕಳಿಸುತ್ತಿದ್ದೇನೆ.

ಇನ್ನು ಮುಂದೆ ನಿನ್ನ ಮೈಯಲ್ಲಿ ಏನಾದರೂ ಹೆದರಿಕೆಯಾದರೆ ಹೇಳು. ಹೇಳಿಸಿಕೊಂಡವರು ಆಮೇಲೆ ನೋಡೋಣ ಎಂದರೆ, ಅಪ್ಪನೇ ಆಗಿರಲಿ, ಅವರನ್ನು ಬಿಟ್ಟು ಇನ್ನೊಬ್ಬರಿಗೆ ಹೇಳು. ನಿಮ್ಮಮ್ಮನಿಗೆ ಹೀಗೆಂದು ಯಾರೂ ಹೇಳಲಿಲ್ಲ.

ರಜೆಗೆ ಕಾಯುವುದಿಲ್ಲ. ಬದಲಿಯನ್ನು ಕೇಳಿದ್ದೇನೆ, ಮುಂದಿನ ಬೋಟಿಗೆ ನಾನು ಬರುತ್ತೇನೆ. ನೀನು ಬಾಗಿಲು ತೆಗೆಯದಿದ್ದರೂ ಸರಿ, ಮೆಟ್ಟಿಲ ಮೇಲೆ ಕೂತಿರುತ್ತೇನೆ. ನನ್ನ ಮುಖ ನೋಡಬೇಕು ಅನ್ನಿಸುವವರೆಗೆ ನೋಡಬೇಡ.

ಆದರೆ ಫೋಟೊವನ್ನು ಇವತ್ತೇ ತಿರುಗಿಸಿ ಇಡು. ಅವಳು ಎರಡು ಸಲ ಹೇಳಿದಳು ಮಗಳೇ. ಸುಮ್ಮನಿದ್ದವಳು ಅವಳಲ್ಲ, ನಾನು.

ಅಪ್ಪ